ಒಂದೇ ಥಾನಿನ ಕೋಣೆಗಳು

ನಮ್ಮ ಕುಂಬಳೆಯಲ್ಲಿ ಹೋಟೆಲೆಂದರೆ
ಗೋಳಿಬಜೆ, ಚಹಾ, ಬೆಂಚಿನ ಮೇಲೆ ನಿನ್ನೆಯ ಪೇಪರು.
ಮಲಗುವ ಹೋಟೆಲಿನ ವಿಷಯ
ಈಗ ಮೊದಲ ಸಲ ಬಂತು.

ಕಸೂತಿ ಯಂತ್ರದ ಕಂಪೆನಿಯವರು ಚೆನ್ನೈಗೆ ಕರೆದಿದ್ದಾರೆ,
ಮೂರು ದಿನದ ತರಬೇತಿ.
ಊಟ ಅವರದು, ನಿದ್ದೆ ನಮ್ಮದು.
ಹೋಗುವವರು ನಾನು ಮತ್ತು ನಫೀಸ:
ಒಂದೇ ಅಂಗಡಿ, ಎರಡು ಮೆಶಿನು,
ಹತ್ತೊಂಬತ್ತು ವರ್ಷ.

ಅವಳ ಮಾವನ ಗುರ್ತದ ಲಾಡ್ಜೊಂದು ಉಂಟಂತೆ ಸ್ಟೇಷನ್ ಎದುರು,
"ನಮ್ಮೂರವರದ್ದೇ, ಹೆದರ್ಲಿಕ್ಕಿಲ್ಲ."
ಅದಕ್ಕೇ ಬೇಡ ಅಂದಳು ನಫೀಸ.
ನಮ್ಮೂರವರದ್ದಾದರೆ
ರಾತ್ರಿ ಎಷ್ಟು ಗಂಟೆಗೆ ಒಳಗೆ ಬಂದೆವೆಂಬ ಸುದ್ದಿ
ನಮಗಿಂತ ಮೊದಲೇ
ಮೊಗ್ರಾಲ್ ಸೇತುವೆ ದಾಟಿರುತ್ತದೆ.

ಮೊಬೈಲ್ ಅಂಗಡಿಯ ಹುಡುಗ ಸವಾದ್
ಬೆರಳಲ್ಲಿ ಒರೆಸಿ ಒರೆಸಿ ತೋರಿಸಿದ:
"ಇದು ಚೈನ್ ಹೋಟೆಲ್ ಅಕ್ಕಾ. ಎಲ್ಲ ಊರಲ್ಲೂ ಉಂಟು,
ಎಲ್ಲ ಊರಲ್ಲೂ ಒಂದೇ ರೂಮು."
ಕೊಚ್ಚಿ, ಚೆನ್ನೈ, ನಾಗಪುರ, ಜೈಪುರ.
ಅದೇ ಬಿಳಿ ಹಾಸು, ಅದೇ ಎರಡು ದಿಂಬು,
ಅದೇ ಕಾಫಿಬಣ್ಣದ ಪರದೆ,
ಯಾರೋ ಒಂದೇ ಥಾನಿನಿಂದ ಹರಿದು
ಇಡೀ ದೇಶಕ್ಕೆ ಹೊಲಿದ ಹಾಗೆ.
ಎಷ್ಟು ಮೀಟರು ಹೋಯಿತೋ ಅಂತ ಮನಸ್ಸಲ್ಲೇ ಲೆಕ್ಕ ಹಾಕಿದೆ,
ಹೊಲಿದವಳಿಗೆ ಪೀಸಿಗೆಷ್ಟು ಸಿಕ್ಕಿತೋ ಅಂತಲೂ.

ನಮಗೆ ಗೊತ್ತಿರುವ ಚೈನು ಒಂದೇ, ಚೈನ್ ಸ್ಟಿಚ್ಚು.
ಕುಣಿಕೆಯೊಳಗೆ ಕುಣಿಕೆ, ನೋಡಲಿಕ್ಕೆ ಚಂದ.
ತುದಿಗೆ ಗಂಟು ಹಾಕಲು ಮರೆತರೆ
ಒಂದೆಳೆ ಎಳೆದದ್ದೇ,
ಕೊಚ್ಚಿಯಿಂದ ಜೈಪುರದವರೆಗೆ ಬಿಚ್ಚಿಕೊಂಡು ಬರುತ್ತದೆ.

ಆದರೂ, ನಗಬೇಡಿ, ಆ ಒಂದೇತನ ನನಗೆ ಹಿಡಿಸಿತು.
ನಾವಿರುವ ಊರಿಗೆ ಬಸ್ಸಿನ ಬೋರ್ಡಿನಲ್ಲಿ ಒಂದು ಹೆಸರು,
ರೈಲಿನ ಬೋರ್ಡಿನಲ್ಲಿ ಇನ್ನೊಂದು,
ಬಾಯಲ್ಲಿ ಬರುವುದು ಮತ್ತೊಂದು.
ನಾನು ಶಾಲೆಯ ರಿಜಿಸ್ಟರಿನಲ್ಲಿ ಸುಗಂಧಿ,
ರೇಷನ್ ಕಾರ್ಡಿನಲ್ಲಿ ಸುಗಂದಿ, ಆಧಾರಿನಲ್ಲಿ ಸುಗಂಥಿ.
ಮೂವರೂ ಒಬ್ಬಳೇ ಅಂತ ಸಾಧಿಸಲು
ಎರಡು ಸಲ ಕಾಸರಗೋಡಿಗೆ ಹೋದದ್ದುಂಟು,
ನೋಟರಿಗೆ ಮುನ್ನೂರು ಕೊಟ್ಟದ್ದೂ ಉಂಟು.
ಅಂಥವಳಿಗೆ
ಯಾವ ಊರಿಗೆ ಹೋದರೂ ಕತ್ತಲಲ್ಲಿ ಕೈಚಾಚಿದರೆ
ಸ್ವಿಚ್ಚು ಬಾಗಿಲ ಎಡಕ್ಕೇ ಸಿಗುವ ಕೋಣೆ
ಸಣ್ಣ ಸಂಗತಿಯಲ್ಲ.

"ಯಾವ ಹೆಸರಲ್ಲಿ ಹಾಕಲಿ?" ಅಂದ ಸವಾದ್.
"ಇವಳ ಹೆಸರಲ್ಲಿ ಹಾಕು, ಇವಳದ್ದು ಎಲ್ಲ ಕಡೆ ಒಂದೇ."
"ಯಾರು ಹೇಳಿದ್ದು?" ಅಂದಳು ನಫೀಸ.
"ವೋಟರ್ ಕಾರ್ಡಿನಲ್ಲಿ ನಾನು ನಬೀಸ."

ಚೆನ್ನೈಯಲ್ಲೇ ಅದರದ್ದು ನಾಲ್ಕು ಉಂಟು.
ನಾಲ್ಕೂ ಒಂದೇ ಅಂದ ಮೇಲೆ ಆರಿಸುವುದು ಹೇಗೆ?
ತಿಂಡಿ ನಾಲ್ಕರಲ್ಲೂ ಉಂಟು,
ಕುಚ್ಚಿಲಕ್ಕಿ ಗಂಜಿ ನಾಲ್ಕರಲ್ಲೂ ಇಲ್ಲ.
ಸವಾದ್ ಉಳಿದುಹೋದವರ ದೂರು ಓದತೊಡಗಿದ.
ಲಿಫ್ಟು ನಿಧಾನ. ಬಿಸಿನೀರು ಏಳರ ನಂತರ.
ಮೂರನೆಯದಕ್ಕೆ ಯಾರೋ ಸಿಟ್ಟಿನಲ್ಲಿ ಬರೆದಿದ್ದರು:
ಇಷ್ಟು ಹಣ ಕೊಟ್ಟೂ ಪರದೆಯ ಅಂಚು ಬಿಚ್ಚಿದೆ.
ಫೋಟೋ ಬೇರೆ ಹಾಕಿದ್ದರು.

ನಾವಿಬ್ಬರೂ ಒಟ್ಟಿಗೆ ಬಗ್ಗಿದೆವು.
ಎರಡು ಬೆರಳಲ್ಲಿ ದೊಡ್ಡದು ಮಾಡಿದಳು ನಫೀಸ.
ಎಡ ಮೂಲೆಯಲ್ಲಿ, ಒಂದು ಗೇಣು.
"ತುದಿಯಲ್ಲಿ ಹಿಂದಕ್ಕೆ ಹೊಲಿದಿಲ್ಲ," ಅಂದಳು, "ಅವಸರ."
"ಸಂಜೆ ಹೊತ್ತಿನ ಕೆಲಸ," ಅಂದೆ ನಾನು.
ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿ
ಬಸ್ಸಿಗೆ ಹೊತ್ತಾಯಿತೆಂದು ಎದ್ದ ಒಬ್ಬಳ ಬೆನ್ನು
ಕಂಡ ಹಾಗಾಯಿತು.

"ಅದನ್ನೇ ಮಾಡು," ಅಂದೆವು.
"ಅದರಲ್ಲೇ ದೂರು ಇರುವುದು ಅಕ್ಕಾ!
ಮತ್ತೆ, ಆ ರೂಮೇ ಸಿಗುತ್ತದೆಂದು ಏನು ಗ್ಯಾರಂಟಿ?"
"ಎಲ್ಲ ಒಂದೇ ಅಂದವ ನೀನೇ ಅಲ್ಲವಾ."

ಎರಡು ಸಾವಿರದ ಇನ್ನೂರು, ರಾತ್ರಿಗೆ, ಇಬ್ಬರಿಗೆ.

ಇವತ್ತು ಚೀಲ ಕಟ್ಟುವಾಗ
ನಫೀಸ ಹಲ್ಲುಜ್ಜುವ ಬ್ರಷ್ಷು ಮರೆತಳು,
ಕಾಫಿಬಣ್ಣದ ನೂಲು ಮರೆಯಲಿಲ್ಲ.
ಫೋಟೋಕ್ಕೆ ಹಿಡಿದು ನೋಡಿದೆವು.
ಒಂದಿಷ್ಟು ಗಾಢವಾಯಿತು.
ಇರಲಿ.